ಮಗುಚಿ ನೋಡುವ ಕೆಲಸ

ಈಗೀಗ ನನ್ನ ಮನೆಗೆ ಹುಡುಗರು ಹುಡುಕಿಕೊಂಡು ಬರುತ್ತಾರೆ. ಹಳೆಯ ಸಾಮಾನಿನ ಅಂಗಡಿ ಇಡಬೇಕಂತೆ, ಬೆಳ್ಳಿ ಗಾಜು ಗುರುತು ಹಿಡಿಯುವುದನ್ನು ನಾನು ಹೇಳಿಕೊಡಬೇಕಂತೆ. ಕೂತು ಕಾಫಿ ಮುಗಿಯುವುದರೊಳಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವರ್ಷ ಹಳೇದಾದ್ರೆ ಎಷ್ಟು ರೇಟು ಸಾರ್?" ಮೈಯೆಲ್ಲ ಉರಿಯುತ್ತದೆ. ಹಳೆಯದಕ್ಕೆಲ್ಲ ಬೆಲೆ ಬರುವುದಾದರೆ ಇಷ್ಟು ಹೊತ್ತಿಗೆ ನನ್ನನ್ನೇ ಯಾರಾದರೂ ಕೊಂಡುಕೊಂಡು ಹೋಗಬೇಕಿತ್ತು. ನನ್ನ ಹೆಂಡತಿಯಂತೂ ಬಿಟ್ಟಿಯಾಗಿಯೇ ಕೊಟ್ಟುಬಿಡುತ್ತಿದ್ದಳು.

ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಡುತ್ತಿದ್ದೇನೆ. ಓದಿಕೊಳ್ಳಲಿ. ಆಮೇಲೂ ಅದೇ ಪ್ರಶ್ನೆ ಕೇಳಿದರೆ ಕಾಫಿ ಇಲ್ಲ.

ನಾನು ಇದ್ದದ್ದು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಅಂಗಡಿಯಲ್ಲಿ. ಮಾಲೀಕರು ಮೊದಲಿಯಾರ್ ಅಂತ. ಹಳೆಯ ಬೆಳ್ಳಿ, ಗಾಜು, ಅದರಲ್ಲೂ ಕುಡಿಯುವ ಪಾತ್ರೆಗಳು ಅವರ ವ್ಯಾಪಾರ. ಹೂಜಿ, ಕಾಲಿರುವ ಲೋಟ, ಷರಬತ್ತಿನ ಜಗ್ಗು, ಮುಚ್ಚಳದ ಸೀಸೆ, ಇಂಥವು. ಎಸ್ಟೇಟಿನವರು, ದೊಡ್ಡ ಹೋಟೆಲಿನವರು, ಪರದೇಶದಿಂದ ಬಂದವರು ಕೊಳ್ಳುತ್ತಿದ್ದರು. ಐವತ್ತರ ದಶಕದ ನಡುವಿನಿಂದ ಅರವತ್ತರ ದಶಕ ಮುಗಿಯುವವರೆಗೆ ಮಾಲು ಹುಡುಕಲು ನನ್ನನ್ನು ಅಟ್ಟುತ್ತಿದ್ದದ್ದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಗೆ. ಅಲ್ಲಿ ಇಂಥ ಸಾಮಾನು ಎಲ್ಲಿಂದ ಬಂತು ಅನ್ನಬೇಡಿ. ನಂದಿ ಬೆಟ್ಟದ ಬಂಗಲೆಗಳಿಗೆ ತರಕಾರಿ, ದ್ರಾಕ್ಷಿ, ಹಾಲು ಹಾಕುತ್ತಿದ್ದವರ ಮನೆಗಳಿದ್ದವು. ದೊರೆಗಳು ಊರು ಬಿಡುವಾಗ ಕೊಟ್ಟು ಹೋದದ್ದು, ಮಾರಿ ಹೋದದ್ದು ಎಲ್ಲ ಆ ಮನೆಗಳ ಅಟ್ಟ ಸೇರಿತ್ತು. ಶಿಡ್ಲಘಟ್ಟದ ರೇಷ್ಮೆ ಸಾಹೇಬರ ಮನೆಗಳಲ್ಲಿ ಮದುವೆಗೆಂದು ತಂದ ಷರಬತ್ತಿನ ಗಾಜುಗಳಿದ್ದವು. ತಾತ ತಂದದ್ದನ್ನು ಮೊಮ್ಮಗ ಮಾರುತ್ತಿದ್ದ, ನಡುವೆ ನಾನು.

ಕೆಲಸದ ಮೊದಲ ಪಾಠ: ಪಾತ್ರೆ ಕೈಗೆ ಬಂದ ಕೂಡಲೇ ಮಗುಚಬೇಕು. ಮುಖ ನೋಡಿ ಮರುಳಾಗಬೇಡಿ, ತಳ ನೋಡಿ. ಇಂಗ್ಲಿಷ್ ಬೆಳ್ಳಿಯಾದರೆ ತಳದಲ್ಲೋ ಅಂಚಿನಲ್ಲೋ ನಡೆಯುವ ಸಿಂಹದ ಮುದ್ರೆ ಇರುತ್ತದೆ. ಗಿಲೀಟಾದರೆ ಹೆಚ್ಚು ಸವೆಯುವ ಅಂಚಿನಲ್ಲಿ ತಾಮ್ರ ಕೆಂಪಗೆ ಇಣುಕುತ್ತದೆ. ಗಾಜನ್ನು ಬೆರಳಿಂದ ತಟ್ಟಿ ಕೇಳಿ; ಒಳ್ಳೆಯದು ದೇವಸ್ಥಾನದ ಗಂಟೆಯ ಹಾಗೆ ಗುಂಯ್ ಅನ್ನುತ್ತದೆ. ಮೈಮೇಲೆ ಉಗುರು ಆಡಿಸಿದಾಗ ಅಚ್ಚಿನ ಗೆರೆ ಸಿಕ್ಕಿದರೆ ಅದು ಕಾರ್ಖಾನೆಯ ಮಾಲು, ನಮಸ್ಕಾರ ಹೇಳಿ ಎದ್ದು ಬನ್ನಿ. ಇಷ್ಟೇ ವಿದ್ಯೆ. ಒಂದು ತಿಂಗಳಲ್ಲಿ ಕಲಿಯಬಹುದು. ಕಲಿಯಲಾಗದ್ದು ಜನರ ಜೊತೆ ಏಗುವುದು.

ಮೊದಲನೆಯ ಪೀಡೆ ಹುಣಸೆಹಣ್ಣು. ನಾನು ಬರುತ್ತೇನೆಂದು ತಿಳಿದರೆ ಸಾಕು, ಮನೆ ಹೆಂಗಸರು ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಹಿತ್ತಲಲ್ಲಿ ಕೂತುಬಿಡುತ್ತಿದ್ದರು. ಒಳಗೆ ಚಿನ್ನದ ನೀರು ಹಿಡಿಸಿದ ಲೋಟ ಇರುತ್ತಿತ್ತು. ಆ ಚಿನ್ನವೆಲ್ಲ ಬಚ್ಚಲಿಗೆ. ಸಿಂಹದ ಮುದ್ರೆ ಇರುತ್ತಿತ್ತು. ಸಿಂಹ ಹೋಗಿ ಇಲಿಯಾಗಿರುತ್ತಿತ್ತು. "ನೋಡಿ ಶಾಮಣ್ಣೋರೆ, ಹೆಂಗ್ ಫಳಫಳ ಅಂತೈತೆ! ಈಗ ಜಾಸ್ತಿ ಕೊಡ್ತೀರಿ ಅಲ್ವಾ?" ಎಂದು ಆಸೆಯಿಂದ ಕೇಳುವಾಗ ಏನು ಹೇಳಬೇಕು? ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿದ್ದೆ.

ಎರಡನೆಯದು ಹೆಸರು. ಈ ಸೀಮೆಯಲ್ಲಿ ಮನೆಗೆ ಒಂದು ಚಮಚ ಬಂದರೂ ಅದರ ಮೇಲೆ ಹೆಸರು ಹೊಡೆಸಬೇಕು. ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಹೋಗುವವನನ್ನು ಕರೆದು ಕೂರಿಸಿ, ಚುಕ್ಕಿ ಚುಕ್ಕಿಯಾಗಿ ಟಕಟಕ ಹೊಡೆಸುವುದು. ಮದುವೆಗೆ ಕೊಡುವ ಪಾತ್ರೆಗಂತೂ ಹುಡುಗಿಯ ಹೆಸರು ಇರಲೇಬೇಕು, ಇಲ್ಲದಿದ್ದರೆ ಅದು ಕೊಟ್ಟ ಹಾಗೇ ಅಲ್ಲ. ಹಿತ್ತಾಳೆ ಕೊಳಗಕ್ಕೆ ಹೊಡೆಸಿಕೊಳ್ಳಿ, ಯಾರು ಬೇಡ ಅಂದರು? ಪರದೇಶದ ಕುಶಲಕರ್ಮಿ ಕೈಯಲ್ಲಿ ಹೂಬಳ್ಳಿ ಬಿಡಿಸಿದ ಬೆಳ್ಳಿ ಲೋಟದ ಹೊಟ್ಟೆಯ ಮೇಲೆ 'ಗಂಗಪ್ಪನವರ ಮಗ ನಂಜುಂಡಪ್ಪ' ಅಂತ ಹೊಡೆಸಿದರೆ ಅದನ್ನು ನಾನು ಯಾರಿಗೆ ಮಾರಲಿ? ಮೊದಲಿಯಾರರು ಆ ಹೆಸರುಗಳನ್ನು ಉಜ್ಜಿಸಿ ತೆಗೆಸಲೆಂದೇ ಒಬ್ಬ ಪಾಲಿಶ್ ಕೆಲಸದವನನ್ನು ಇಟ್ಟಿದ್ದರು. ಅವನು ನನ್ನನ್ನು ಕಂಡಾಗಲೆಲ್ಲ, "ಇವತ್ತು ಯಾರನ್ನ ಅಳಿಸಬೇಕು ಶಾಮಣ್ಣ?" ಅನ್ನುತ್ತಿದ್ದ.

ನನ್ನದೂ ಎಡವಟ್ಟುಗಳಿದ್ದವು. ಗೌರಿಬಿದನೂರಿನಲ್ಲಿ ಒಮ್ಮೆ ಭಾರಿ ತೂಕದ ಬೆಳ್ಳಿ ಬಟ್ಟಲು ಸಿಕ್ಕಿತು ಅಂತ ಹಿಗ್ಗಿ ಹೀರೇಕಾಯಿಯಾಗಿ ತೂಕದ ಲೆಕ್ಕದಲ್ಲಿ ಕೊಂಡುತಂದೆ. ಮೊದಲಿಯಾರರು ಅದರ ಪಾದಕ್ಕೆ ಸೂಜಿ ಚುಚ್ಚಿ ತೋರಿಸಿದರು. ಒಳಗೆ ಬರೀ ರಾಳ. ಬೀಳದಿರಲಿ ಎಂದು ದೊರೆಗಳು ಪಾದದೊಳಗೆ ರಾಳ ತುಂಬಿಸುತ್ತಿದ್ದರಂತೆ. "ರಾಳ ಬೇಕಿದ್ರೆ ಇಲ್ಲೇ ಸಿಕ್ತಿತ್ತಲ್ಲಪ್ಪಾ, ರೈಲು ಚಾರ್ಜು ಕೊಟ್ಟು ಗೌರಿಬಿದನೂರಿಂದ ಯಾಕೆ ತಂದೆ?" ಅಂದರು. ಆ ಮನುಷ್ಯ ಜನ್ಮದಲ್ಲಿ ಒಂದು ಸಲವೂ ಹಳ್ಳಿ ಕಡೆ ತಲೆ ಹಾಕಿದವರಲ್ಲ. ಫ್ಯಾನಿನ ಕೆಳಗೆ ಕೂತು ನನ್ನನ್ನು ಆಡಿಕೊಳ್ಳುವುದರಲ್ಲಿ ಮಾತ್ರ ಪಂಡಿತರು. ಆಮೇಲೆ ತೊಲ ಹೋಗಿ ಗ್ರಾಂ ಬಂತು. ತೊಲ ಗೊತ್ತಿದ್ದ ಮುದುಕಿಯರು, "ಏನೋ ಗ್ರಾಮು ಗೀಮು ಅಂತ ನಮ್ಮನ್ನ ಮುಳುಗಿಸ್ತಾನೆ" ಎಂದು ನನಗೇ ಶಾಪ ಹಾಕಿದರು. ಸರ್ಕಾರ ಮಾಡಿದ್ದಕ್ಕೆ ನಾನೇನು ಮಾಡಲಿ?

ಆದರೆ ನಿಜವಾಗಿ ಹೊಟ್ಟೆ ಉರಿಸುತ್ತಿದ್ದದ್ದು ಪಾಲು. ಆರು ಲೋಟ, ಒಂದು ಜಗ್ಗು ಸೇರಿದರೆ ಒಂದು ಸೆಟ್ಟು. ಸೆಟ್ಟಿಗೆ ಒಂದು ಬೆಲೆ; ಬಿಡಿ ಲೋಟಕ್ಕೆ ಬರೀ ಬೆಳ್ಳಿ ಬೆಲೆ. ಅಪ್ಪ ಸತ್ತ ಕೂಡಲೇ ಅಣ್ಣತಮ್ಮಂದಿರು ಹೊಲ ಹಂಚಿದ ಹಾಗೆ ಸೆಟ್ಟನ್ನೂ ಹಂಚಿಬಿಡುತ್ತಿದ್ದರು. ಜಗ್ಗು ಒಬ್ಬನಿಗೆ, ಅದರ ಮುಚ್ಚಳ ಇನ್ನೊಬ್ಬನಿಗೆ ಕೊಟ್ಟ ಮನೆಯನ್ನೂ ನೋಡಿದ್ದೇನೆ. ಜಾನಕಮ್ಮನ ವಿಷಯ ಶುರುವಾದದ್ದೂ ಹೀಗೇ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಹುಡುಗರು ನೆನಪಿಟ್ಟುಕೊಳ್ಳಲಿ ಎಂದು ಪೂರ್ತಿ ಬರೆಯುತ್ತೇನೆ.

ಗೌರಿಬಿದನೂರಿನ ಒಂದು ಮನೆಯ ಜಗಲಿಯಲ್ಲಿ ಕೂತು ಯಾರದೋ ಗಾಜುಗಳನ್ನು ತಟ್ಟುತ್ತಿದ್ದೆ. ಪಕ್ಕದ ಮನೆಯಿಂದ ಒಬ್ಬ ಹೆಂಗಸು ಬಂದು, ಹಳೆಯ ಸೀರೆಯಲ್ಲಿ ಸುತ್ತಿದ್ದ ಒಂದು ವಸ್ತುವನ್ನು ಮುಂದಿಟ್ಟರು. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಹಣೆ ಖಾಲಿ. ಗಂಡ ತೀರಿಕೊಂಡ ಮೇಲೆ ಭಾವನ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವರು. ಸೀರೆ ಬಿಚ್ಚಿದರೆ ಒಳಗೆ ಗಾಜಿನ ಜಗ್ಗು. ಬೆಳ್ಳಿ ಮುಚ್ಚಳ, ಬೆಳ್ಳಿ ಹಿಡಿ. ತಟ್ಟಿದೆ, ಗುಂಯ್ ಅಂದಿತು. ಉಗುರು ಆಡಿಸಿದೆ, ಗೆರೆ ಇಲ್ಲ. ಮುಚ್ಚಳದ ಅಂಚಿನಲ್ಲಿ ಸಿಂಹ ಚೊಕ್ಕವಾಗಿ ನಿಂತಿತ್ತು. ಪುಣ್ಯಾತ್ಗಿತ್ತಿ ಹುಣಸೆಹಣ್ಣು ಮುಟ್ಟಿಸಿರಲಿಲ್ಲ.

"ಇದರ ಜೊತೆ ಲೋಟಗಳು ಇದ್ವಾ ತಾಯಿ?"

"ಆರು ಇದ್ವು. ಕಾಲಿರೋ ಬೆಳ್ಳಿ ಲೋಟ. ಅಪ್ಪ ನಂದಿ ಬೆಟ್ಟದ ಬಂಗಲೆಗೆ ತರಕಾರಿ ಹಾಕ್ತಿದ್ರು. ದೊರೆ ಹೋಗೋವಾಗ ಕೊಟ್ಟಿದ್ದು."

"ಈಗ ಎಲ್ಲಿವೆ?"

"ಚಿಕ್ಕಬಳ್ಳಾಪುರದಲ್ಲಿ ನಮ್ಮಣ್ಣನ ಹತ್ರ ಮೂರು, ಚಿಂತಾಮಣೀಲಿ ತಮ್ಮನ ಹತ್ರ ಮೂರು. ಗಾಜು ಒಡೆಯೋ ವಸ್ತು, ಅದನ್ನ ಜಾನಕಿಗೆ ಕೊಡಣ ಅಂತ ಇದನ್ನ ನನಗೆ ಕೊಟ್ರು."

ನನಗೆ ಸಿಟ್ಟು ನೆತ್ತಿಗೇರಿತು. ಜಗ್ಗು ಒಂದಕ್ಕೇ ಆದರೆ ಪುಡಿಗಾಸು ತಾಯಿ, ಏಳೂ ಸೇರಿದರೆ ಕಥೆಯೇ ಬೇರೆ ಎಂದೆ. ಆಕೆ ತಲೆ ತಗ್ಗಿಸಿ ತಮ್ಮ ಕಷ್ಟ ಹೇಳಿದರು. ಬೆಂಗಳೂರಿನ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಬೇಸಿಗೆ ರಜ ಮುಗಿಯುವುದರೊಳಗೆ ಫೀಜು ಕಟ್ಟಿ ಹಾಸ್ಟೆಲಿಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ಭಾವ ಒಂದು ಬಿಡಿಗಾಸು ಕೊಡುವುದಿಲ್ಲವೆಂದು ಹೇಳಿಯಾಗಿತ್ತು. ಅಡಿಗೆಗೆ ಬೇರೆ ಯಾರು ಸಿಗುತ್ತಾರೆ ಅವನಿಗೆ?

"ನೀವೇ ಹೋಗಿ ಅಣ್ಣನ್ನ ಕೇಳಬಾರ್ದಾ?" ಅಂದೆ.

"ನಾನು ಕೇಳಿದ್ರೆ ಆಗಲ್ಲ. ನೀವು ಹೋಗಿ ಶಾಮಣ್ಣೋರೆ. ನೀವು ವ್ಯಾಪಾರದೋರು, ನೋಡ್ತೀನಿ ಅಂದ್ರೆ ಯಾರೂ ಬೇಡ ಅನ್ನಲ್ಲ. ನೋಡಿ ಬನ್ನಿ, ಸಾಕು" ಅಂದರು. ಬರೀ ನೋಡಿ ಬಂದರೆ ಏನು ಸಾಕು ಎಂದು ಆಗ ನನಗೆ ಹೊಳೆಯಲಿಲ್ಲ.

ಅಣ್ಣ ಅಶ್ವತ್ಥಪ್ಪನದು ಚಿಕ್ಕಬಳ್ಳಾಪುರದಲ್ಲಿ ತರಕಾರಿ ಮಂಡಿ. ಲಕ್ಷಣವಾಗಿ ಮನೆ ಕಟ್ಟಿದ್ದ, ಹಣೆಗೆ ಅಡ್ಡಗಂಧ, ಹುಣ್ಣಿಮೆ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ. ಲೋಟ ಎಲ್ಲಿ ಸ್ವಾಮಿ ಎಂದರೆ ದೇವರ ಮನೆಯಲ್ಲಿದೆ, ನೀವು ಮಡಿಯಲ್ಲಿಲ್ಲ ಎಂದ. ಇನ್ನೊಂದು ದಿನ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಹೋದೆ. ದೇವರ ಪಾತ್ರೆಯನ್ನು ಮಗುಚಬಾರದು, ಮನೆಗೆ ಒಳ್ಳೆಯದಲ್ಲ ಎಂದ. ಮಾರುವುದಂತೂ ಕನಸಿನಲ್ಲೂ ಇಲ್ಲ ಎಂದ. ಪೂಜೆಗೆ ಬನ್ನಿ, ತೀರ್ಥಪ್ರಸಾದ ತೆಗೆದುಕೊಂಡು ಹೋಗಿ ಎಂದ. ರಜ ಮುಗಿಯುತ್ತ ಬರುತ್ತಿತ್ತು. ಸರಿ, ಪೂಜೆಯ ದಿನವಾದರೂ ನೋಡೋಣವೆಂದು ಹೋದೆ.

ಬೀದಿಯ ಜನವೆಲ್ಲ ಸೇರಿತ್ತು. ಮಂಗಳಾರತಿ ಆಯಿತು. ಅಶ್ವತ್ಥಪ್ಪ ತೀರ್ಥ ಹಿಡಿದು ಬಂದ. ನೋಡುತ್ತೇನೆ, ಸಾಕ್ಷಾತ್ ದೊರೆಗಳ ವೈನಿನ ಲೋಟ! ಉದ್ದ ಕಾಲು, ಅಗಲ ಪಾದ, ಒಳಗೆ ಚಿನ್ನದ ನೀರು. ಅದರಲ್ಲಿ ತುಳಸಿ ತೇಲುತ್ತಿದೆ. ಇನ್ನೆರಡು ದೇವರ ಅಕ್ಕಪಕ್ಕ ಹೂವು ತುಂಬಿಕೊಂಡು ಕೂತಿವೆ. ನನ್ನ ಕೈಗೆ ತೀರ್ಥ ಹಾಕುವಾಗ, "ಒಂದೇ ಒಂದ್ಸಲ ತಳ ತೋರಿಸಿ ಸ್ವಾಮಿ" ಎಂದು ಮೆಲ್ಲಗೆ ಬೇಡಿಕೊಂಡೆ.

ಅವನು ಎಲ್ಲರಿಗೂ ಕೇಳುವಂತೆ, "ಏನ್ರೀ ನೀವು, ದೇವರ ಮುಂದೇನೂ ವ್ಯಾಪಾರವಾ? ಇದು ಪವಿತ್ರವಾದ ಪಾತ್ರೆ ಕಣ್ರೀ" ಎಂದು ಗದರಿಕೊಂಡ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಪವಿತ್ರವೂ ಇಲ್ಲ ಪಾವಿತ್ರ್ಯವೂ ಇಲ್ಲ! ಅದು ದೊರೆಗಳು ಹೆಂಡ ಕುಡೀತಿದ್ದ ಲೋಟ ಸ್ವಾಮಿ!" ಎಂದುಬಿಟ್ಟೆ.

ಆಗತಾನೇ ತೀರ್ಥ ನುಂಗಿದ್ದ ಒಬ್ಬ ಅಜ್ಜಿ ಕೆಮ್ಮಲು ಶುರು ಮಾಡಿದರು. ಅಶ್ವತ್ಥಪ್ಪನ ಹೆಂಡತಿ ಹಣೆ ಚಚ್ಚಿಕೊಂಡು, "ಅಯ್ಯಯ್ಯೋ ರಾಮ ರಾಮ! ಎಷ್ಟು ಹುಣ್ಣಿಮೆ ಆಯ್ತೋ! ಬೆಳಗಾಗ್ತಿದ್ದಂಗೆ ಆಚಾರ್ರ ಹತ್ರ ಕಳಿಸಿ ಕರಗಿಸಿಬಿಡಿ. ಬೆಂಕಿಗೆ ಬಿದ್ರೆ ಎಲ್ಲಾ ಶುದ್ಧ ಆಗ್ತದೆ. ಅದ್ರಲ್ಲೇ ಒಂದು ಪಂಚಪಾತ್ರೆ ಮಾಡ್ಸಣ" ಅಂದರು.

ಇದೊಂದು ಚಟ ಈ ಸೀಮೆಗೆ. ಮೈಲಿಗೆಯಾದ ಬೆಳ್ಳಿಯನ್ನು ಕರಗಿಸಿದರೆ ಮಡಿ. ಎಂಥೆಂಥ ಪಾತ್ರೆಗಳು ಹೀಗೆ ಮೂಸೆ ಸೇರಿ ಕುಂಕುಮದ ಬಟ್ಟಲಾದವೋ! ನಾನು ಕೈ ಮುಗಿದೆ, ಗೋಗರೆದೆ, ಒಳ್ಳೆ ಬೆಲೆ ಕೊಡಿಸುತ್ತೇನೆ ಎಂದೆ. ಹೆಂಡದ ಲೋಟ ಮಾರಿದ ದುಡ್ಡು ಮನೆಗೆ ಬೇಡ ಎಂದು ಆಯಮ್ಮ ಬಾಗಿಲು ತೋರಿಸಿದರು. ಚೊಕ್ಕ ಮೂರು ಲೋಟ, ಒಬ್ಬ ಹೆಣ್ಣುಮಗಳ ಓದು, ಎಲ್ಲವನ್ನೂ ನನ್ನ ಹಾಳು ಬಾಯಿ ಬೆಂಕಿಗೆ ಹಾಕಿತಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಅಕ್ಕಸಾಲಿಗರ ಬೀದಿಗೆ ಓಡಿದೆ. ಆ ಮನೆಯ ಕೆಲಸ ಮಾಡುತ್ತಿದ್ದವರು ಕಾಳಾಚಾರ್ರು ಎಂಬ ಮುದುಕರು. ಹೋಗಿ ನೋಡಿದರೆ ಒಲೆಯಲ್ಲಿ ಕೆಂಡ ಕೆಂಪಗಿದೆ, ಮೂಸೆ ಪಕ್ಕದಲ್ಲಿದೆ, ಮೂರು ಲೋಟಗಳೂ ಮಣೆಯ ಮೇಲೆ ಬೋರಲಾಗಿ ಕೂತಿವೆ. ನನಗೆ ಹೋದ ಜೀವ ಬಂತು.

"ಆಚಾರ್ರೇ, ಕರಗಿಸಬೇಡಿ! ನಿಮ್ ದಮ್ಮಯ್ಯ!"

"ಯಾರ್ ಕರಗಿಸ್ತಾರೆ? ಮೊದ್ಲು ಕೂತ್ಕೊಳಿ, ಉಸಿರು ಬಿಡಿ" ಎಂದು ಅವರು ಎಲೆಯಡಿಕೆ ಅಗಿಯುತ್ತ ಒಂದು ಲೋಟದ ಪಾದವನ್ನು ನನ್ನ ಕಡೆ ತಿರುಗಿಸಿದರು. ಸಿಂಹದ ಮುದ್ರೆಯ ಪಕ್ಕದಲ್ಲೇ ಚುಕ್ಕಿ ಚುಕ್ಕಿ ಅಕ್ಷರ: ಚಿ. ಜಾನಕಿ. ಮೂರರಲ್ಲೂ ಅದೇ.

"ಹೆಣ್ಣುಮಗಳ ಹೆಸರು ಹೊಡೆದಿರೋ ಪಾತ್ರೇನ ಆಯಮ್ಮ ಬಂದು ಬಾಯಾರೆ ಹೇಳ್ದೆ ನಾನು ಮೂಸೆಗೆ ಹಾಕಲ್ಲ. ನಮ್ಮಪ್ಪಾನೂ ಹಾಕ್ತಿರ್ಲಿಲ್ಲ. ಅವಳ ಕಣ್ಣೀರು ನನಗ್ಯಾಕೆ? ಅಶ್ವತ್ಥಪ್ಪಂಗೂ ಇದೇ ಹೇಳಿ ಕಳಿಸಿದೀನಿ."

"ಸರಿ, ನನ್ನ ಕೈಗೆ ಕೊಡಿ, ಆಯಮ್ಮನಿಗೆ ನಾನೇ ತಲುಪಿಸ್ತೀನಿ."

"ನಿಮ್ಮ ಹೆಸರು ಜಾನಕೀನಾ?"

ಒಂದೊಂದು ಸಲ ನನಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯುತ್ತಿರಲಿಲ್ಲ. ಬಸ್ಸು ಹಿಡಿದು ಗೌರಿಬಿದನೂರಿಗೆ ಹೋದೆ. ಜಾನಕಮ್ಮ ಬಾಗಿಲಲ್ಲೇ ನಿಂತು ನಾನು ಹೇಳಿದ್ದನ್ನು ಕೇಳಿದರು. ಆಶ್ಚರ್ಯಪಡಲಿಲ್ಲ. ಒಳಗೆ ಹೋಗಿ ಜಗ್ಗಿನ ಗಂಟು, ಬಟ್ಟೆಯ ಚೀಲ ಎರಡನ್ನೂ ಹಿಡಿದು ಬಂದು, "ಹೋಗಣ ಬನ್ನಿ" ಅಂದರು. ಚೀಲ ಮೊದಲೇ ಕಟ್ಟಿಟ್ಟ ಹಾಗಿತ್ತು.

ನಾವು ಚಿಕ್ಕಬಳ್ಳಾಪುರ ಮುಟ್ಟುವ ಹೊತ್ತಿಗೆ ಅಶ್ವತ್ಥಪ್ಪ ಕಾಳಾಚಾರ್ರ ಅಂಗಡಿಯ ಮುಂದೆ ನಿಂತು ಕೂಗಾಡುತ್ತಿದ್ದ. ಅಕ್ಕಪಕ್ಕದವರು ಕೆಲಸ ಬಿಟ್ಟು ನೋಡುತ್ತಿದ್ದರು. ತಂಗಿಯನ್ನು ಕಂಡು ದನಿ ತಗ್ಗಿಸಿದ.

"ಮನೆ ವಿಷಯಾನ ಬೀದೀಲಿ ಯಾಕೆ ತರ್ತೀಯಾ ಜಾನಕಿ?"

"ಮನೇಲೇ ಕೇಳಣ ಅಂದ್ರೆ ನೀನು ನನ್ನ ಮನೆಗೇ ಕರೀಲಿಲ್ವಲ್ಲಣ್ಣ."

"ಅಪ್ಪ ನಿನ್ ಹೆಸರು ಹೊಡ್ಸಿದ್ದು ನನಗೆ ದೇವರಾಣೆಗೂ ಗೊತ್ತಿರ್ಲಿಲ್ಲ."

"ಪ್ರತಿ ಹುಣ್ಣಿಮೆ ಅತ್ತಿಗೆ ಉಜ್ಜಿ ತೊಳೀತಾರಲ್ಲ. ಕೆಳಗಡೆ ಉಜ್ಜೋದೇ ಇಲ್ವಾ?"

ಕಾಳಾಚಾರ್ರು ತುಂಬಿದ ಬಾಯಲ್ಲಿ ನಗಲಾರದೆ ಚರಂಡಿ ಕಡೆ ಎದ್ದು ಹೋದರು. ಅಶ್ವತ್ಥಪ್ಪ ಸುತ್ತ ನೋಡಿದ. ಬೀದಿಯ ಮುಂದೆ ಮಾನ ಉಳಿಯಬೇಕಲ್ಲ. "ತಗೊಂಡು ಹೋಗಮ್ಮ, ತಗೊಂಡು ಹೋಗು. ಹೆಂಗಿದ್ರೂ ಹೆಂಡದ ಲೋಟ, ನಮ್ಮನೇಲಿ ಇಡೋ ಹಂಗಿಲ್ಲ" ಎಂದು ಶಲ್ಯ ಕೊಡವಿಕೊಂಡು ಹೋದ. ತನಗೆ ಬೇಡದ್ದನ್ನು ದಾನ ಮಾಡಿದವನ ಗತ್ತಿತ್ತು ಆ ನಡಿಗೆಯಲ್ಲಿ. ನನಗೆ ಮೈ ಪರಚಿಕೊಳ್ಳುವಂತಾಯಿತು. ಜಾನಕಮ್ಮ ಮಾತ್ರ ಲೋಟಗಳನ್ನು ಸೆರಗಿನಲ್ಲಿ ಒಂದೊಂದಾಗಿ ಒರೆಸಿ ಚೀಲಕ್ಕಿಟ್ಟುಕೊಂಡರು.

ಮಾರನೆಯ ದಿನ, ಆಗ ಆ ಕಡೆ ಓಡುತ್ತಿದ್ದ ಪುಟಾಣಿ ರೈಲಿನಲ್ಲಿ ಚಿಂತಾಮಣಿಗೆ ಹೋದೆವು. ಅದು ಹೋಗುವ ವೇಗಕ್ಕೆ ಇಳಿದು ತಳ್ಳೋಣ ಎನಿಸುತ್ತಿತ್ತು. ತಮ್ಮ ನಾಗರಾಜನದು ಕಡಲೆಕಾಯಿ ಮಂಡಿ. ಗದ್ದಿಗೆಯ ಮುಂದೆ ಒಂದು ಹಲಗೆ, ಹಲಗೆಯ ಮೇಲೆ ಮೂರು ಬೆಳ್ಳಿ ಲೋಟ. ಒಂದರಲ್ಲಿ ಪೆನ್ನು ಪೆನ್ಸಿಲ್, ಒಂದರಲ್ಲಿ ಊದಿನಕಡ್ಡಿ, ಒಂದರಲ್ಲಿ ಸುಣ್ಣ. ಸುಣ್ಣ! ಚಿನ್ನದ ನೀರಿನ ಮೇಲೆ ಸುಣ್ಣ! ಕಣ್ಣಿಗೆ ಕತ್ತಲೆ ಬಂತು. ತಡೆದುಕೊಂಡು ಎತ್ತಲು ಹೋದರೆ ಲೋಟ ಅಲುಗಲಿಲ್ಲ. ಮೂರರ ಪಾದಕ್ಕೂ ಅರಗು ಕಾಯಿಸಿ ಸುರಿದು ಹಲಗೆಗೆ ಅಂಟಿಸಿಬಿಟ್ಟಿದ್ದ.

"ಇದೇನಪ್ಪಾ ಮಾಡಿದೀಯಾ?"

"ಏಮಂಡಿ, ಅಲ್ಲಾಡಬಾರ್ದು ಅಂತ ಅರಗು ಹಾಕಿದೀನಿ. ಮಂಡಿ ಅಂದ್ಮೇಲೆ ನೂರು ಜನ ಬರ್ತಾರೆ, ಯಾರನ್ನ ನಂಬೋದು?" ಎಂದು ಆ ಕಡೆಯವರ ಹಾಗೆ ತೆಲುಗು ಬೆರೆಸಿ ಹೇಳಿದ. ಅಕ್ಕನ ಮುಖ ನೋಡಲಿಲ್ಲ.

ನಾನು ವಾದಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಜಾನಕಮ್ಮ ಕೈ ಅಡ್ಡ ಹಿಡಿದರು.

"ನಾಗ, ಆ ಹೆಸರು ಹೊಡಿಯೋನು ಮನೆಗೆ ಬಂದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಆರಕ್ಕೂ ಅಕ್ಕನ ಹೆಸರೇ ಯಾಕೆ, ನಂದೂ ಒಂದಕ್ಕೆ ಹೊಡೀ ಅಂತ ಬಿದ್ದು ಬಿದ್ದು ಅತ್ತಿದ್ದೆ ಕಣೋ. ಅಪ್ಪ ನಿನ್ನನ್ನ ಎತ್ಕೊಂಡು, ಇದು ಅಕ್ಕನ ಮದುವೇಗಿಟ್ಟಿರೋದು ಮಗಾ ಅಂದ್ರು. ಮರ್ತು ಬಿಟ್ಯಾ?"

ಅವನು ಮರೆತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮದುವೆಗೆ ಮೊದಲೇ ಅಪ್ಪ ತೀರಿಹೋಗಿದ್ದರು. ಕೊಡಬೇಕಾದ್ದನ್ನು ಕೊಡದೆ ಮದುವೆ ಮುಗಿಸಿದ್ದರು ಇವರು. ನಾಗರಾಜ ಎದ್ದು, ಒಳಗಿಂದ ಚಾಕು ತಂದು ದೀಪದಲ್ಲಿ ಕಾಯಿಸಿ, ತಾನೇ ಅರಗು ಬಿಡಿಸಲು ಕೂತ. ಕೈ ಸುಟ್ಟುಕೊಂಡರೂ ಬಿಡಲಿಲ್ಲ. ಮೂರನೆಯದನ್ನು ಕೊಡುವಾಗ, "ಅಣ್ಣ ಹಂಚಿದ, ನಾನು ತಗೊಂಡೆ ಅಕ್ಕ. ಆಮೇಲೆ ತಳ ನೋಡ್ದಾಗೆಲ್ಲ ಒಂಥರಾ ಆಗ್ತಿತ್ತು. ಅದಕ್ಕೇ ಅಂಟಿಸಿಬಿಟ್ಟೆ" ಅಂದ. ಅಷ್ಟು ಹೊತ್ತು ಅವನನ್ನು ಬೈಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ನನಗೆ ವ್ಯರ್ಥವಾಯಿತು.

ಚಿಂತಾಮಣಿ ಸ್ಟೇಷನ್ನಿನ ಬೆಂಚಿನ ಮೇಲೆ ರೈಲಿಗೆ ಕಾಯುತ್ತ ಕೂತಾಗ ನನ್ನ ಮಂದ ತಲೆಗೆ ವಿಷಯ ಹೊಕ್ಕಿತು.

"ಅಲ್ಲಾ ತಾಯಿ, ಹೆಸರಿರೋದು ನಿಮಗೆ ಮೊದ್ಲಿಂದಾನೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಒದ್ದೆ ಪಂಚೆ ಉಟ್ಕೊಂಡು ನಿಮ್ಮಣ್ಣನ ಮನೆ ಮುಂದೆ ನಿಂತಿದ್ನಲ್ಲ ನಾನು!"

"ನಿಮಗೆ ಹೇಳಿದ್ರೆ ಸಿಟ್ಟಲ್ಲಿ ನೀವು ಅಣ್ಣಂಗೆ ಹೇಳಿಬಿಡ್ತಿದ್ರಿ. ಅವತ್ತೇ ಉಜ್ಜಿ ಹಾಕಿಸ್ತಿದ್ದ. ನನ್ನ ಮಾತಿಗೆ ಸಾಕ್ಷಿ ಯಾರು? ನೀವು ಗೌರಿಬಿದನೂರಲ್ಲಿ ಕೂತು ಎಲ್ಲಾರ ಪಾತ್ರೇನೂ ಮಗುಚಿ ಮಗುಚಿ ನೋಡೋದನ್ನ ಕಿಟಕಿಯಿಂದ ನೋಡ್ತಿದ್ದೆ ಶಾಮಣ್ಣೋರೆ. ಈ ಮನುಷ್ಯ ಹೋದ್ರೆ ಮಗುಚದೆ ಬರಲ್ಲ, ಹೊರಗಿನೋರು ಕಂಡ್ಮೇಲೆ ಮುಚ್ಚೋಕಾಗಲ್ಲ ಅಂತ ಧೈರ್ಯ ಬಂತು."

ನನ್ನ ಬಾಯಿಯ ಗುಣವನ್ನು ಆಯಮ್ಮ ಅಷ್ಟು ಬೇಗ ಅಳೆದಿದ್ದರು. ರೇಗಬೇಕೋ ನಗಬೇಕೋ ತಿಳಿಯದೆ ಕಡಲೆಕಾಯಿ ಕೊಂಡುಕೊಂಡು ಬಂದು ಇಬ್ಬರೂ ತಿಂದೆವು.

ಬೆಂಗಳೂರಿನ ಅಂಗಡಿಯಲ್ಲಿ ಏಳನ್ನೂ ಸಾಲಾಗಿ ಇಟ್ಟಾಗ ಮೊದಲಿಯಾರರ ಕಣ್ಣು ಅರಳಿತು. ಲೋಟ ಮಗುಚಿದರು, ಮುಖ ಹುಳ್ಳಗಾಯಿತು. "ಮತ್ತೆ ಹೆಸರು! ನಿಮ್ಮ ಕಡೆಯವರಿಗೆ ಬೇರೆ ಕೆಲಸ ಇಲ್ಲವಾ ಶಾಮಣ್ಣ? ಆರನ್ನೂ ಪಾಲಿಶಿಗೆ ಕಳಿಸು, ಉಜ್ಜಿ ಹಾಕಲಿ."

"ಉಜ್ಜಿಸಿ ಸ್ವಾಮಿ, ಮಾರೋವು ತಾನೆ" ಎಂದರು ಜಾನಕಮ್ಮ. ಎಂದವರೇ ಕೈ ಚಾಚಿ ಸಾಲಿನಿಂದ ಒಂದು ಲೋಟ ತೆಗೆದು ಚೀಲಕ್ಕೆ ಹಾಕಿಕೊಂಡರು. "ಇದೊಂದು ಮಾರಲ್ಲ. ಐದು ತಗೊಳಿ."

ಅಂಗಡಿಯಲ್ಲಿ ಎದ್ದ ಗಲಾಟೆಯನ್ನು ಏನೆಂದು ಹೇಳಲಿ! ಐದು ಲೋಟದ್ದು ಸೆಟ್ಟೇ ಅಲ್ಲ ಎಂದು ಮೊದಲಿಯಾರರು. ಅವರಿಗಿಂತ ಜೋರಾಗಿ ನಾನು. "ಏನ್ ತಾಯಿ ನೀವು! ಊರೂರು ಅಲೆದು, ಬೈಸಿಕೊಂಡು, ಬೆಂಕಿ ಬಾಯಿಂದ ಕಿತ್ತು ತಂದು ಏಳು ಜೋಡಿಸಿದೀನಿ. ನೀವೇ ಕೈಯಾರೆ ಸೆಟ್ಟು ಒಡೀತೀರಲ್ಲ! ನಿಮ್ಮಣ್ಣ ಮಾಡಿದ್ದಕ್ಕೂ ನೀವು ಮಾಡ್ತಿರೋದಕ್ಕೂ ಏನು ವ್ಯತ್ಯಾಸ?"

ಆಕೆ ನನ್ನ ಕೂಗಾಟ ಮುಗಿಯುವವರೆಗೂ ಕಾದರು.

"ಭಾವನ ಮನೇಲಿ ಎಲ್ಲಾರಿಗೂ ಹೆಸರಿರೋ ಲೋಟ ಇದೆ ಶಾಮಣ್ಣೋರೆ. ಚಿಕ್ಕ ಮಕ್ಕಳಿಗೂ ಇದೆ. ನಮ್ಮನೆಯವರು ಹೋದ್ಮೇಲೆ ನನಗೆ ಹಿತ್ತಲಲ್ಲಿ ಒಂದು ಚೆಂಬು ಇಟ್ಟಿದಾರೆ. ಹಾಸ್ಟೆಲಲ್ಲಾದ್ರೂ ನನ್ನ ಹೆಸರಿರೋ ಲೋಟದಲ್ಲಿ ನೀರು ಕುಡ್ಯಣ ಅಂತ. ಫೀಜಿಗೆ ಸಾಕಾಗೋಷ್ಟು ಬಂದ್ರೆ ಸಾಕು, ಒಂದು ಸೀರೆ ಕಮ್ಮಿ ಉಡ್ತೀನಿ."

ಮೊದಲಿಯಾರರು ಕನ್ನಡಕ ತೆಗೆದು ಒರೆಸಿದರು, ಗೊಣಗಿದರು, ಐದು ಲೋಟಕ್ಕೆ, ಜಗ್ಗಿಗೆ ಒಂದು ಬೆಲೆ ಹೇಳಿದರು. ಸೆಟ್ಟಿನ ಬೆಲೆಯಲ್ಲ, ಆದರೆ ಬಿಡಿ ಬೆಲೆಯೂ ಅಲ್ಲ. ಓದಿಗೆ ಸಾಕಾಯಿತು. ಆಕೆಯನ್ನು ಹಾಸ್ಟೆಲಿನ ಗೇಟಿನವರೆಗೆ ಬಿಟ್ಟು ಬಂದು ಆ ವಾರವೆಲ್ಲ ಒಡೆದ ಸೆಟ್ಟಿನ ಬಗ್ಗೆ ಮನೆಯಲ್ಲಿ ಗೊಣಗಿದೆ. ನನ್ನ ಹೆಂಡತಿ, "ಇರೋ ಒಂದು ಒಳ್ಳೆ ಕೆಲಸ ಮಾಡಿದೀರಿ, ಅದಕ್ಕೂ ಅಳ್ತೀರಲ್ಲ" ಅಂದಳು.

ಕೆಲವು ವರ್ಷಗಳ ಮೇಲೆ ತೊಂಡೇಬಾವಿಯಲ್ಲಿ ಯಾರದೋ ಗಾಜು ನೋಡಲು ರೈಲಿಳಿದೆ. ಕಾರ್ಖಾನೆಯ ಮಾಲು, ದಂಡದ ಓಡಾಟ. ಬಿಸಿಲಲ್ಲಿ ಬೈದುಕೊಂಡು ವಾಪಸು ಬರುವಾಗ ಸ್ಕೂಲಿನ ಕಿಟಕಿಯಿಂದ, "ಶಾಮಣ್ಣೋರೆ!" ಎಂದು ಯಾರೋ ಕೂಗಿದರು. ಜಾನಕಮ್ಮ ಮೇಡಂ. ಕೈಯಲ್ಲಿ ಸೀಮೆಸುಣ್ಣ, ಹಿಂದೆ ಮಗ್ಗಿ ಒಪ್ಪಿಸುವ ಮಕ್ಕಳ ಗದ್ದಲ. ಅಲ್ಲೇ ಸ್ಟೇಷನ್ ಹತ್ತಿರ ಮನೆ ಮಾಡಿದ್ದರಂತೆ. ಒಳಗೆ ಕರೆದು ಕೂರಿಸಿ, ಮೇಜಿನ ಮೇಲಿದ್ದ ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟರು. ಅದೇ ಬೆಳ್ಳಿ ಲೋಟ. ಫಳಫಳ ಹೊಳೆಯುತ್ತಿತ್ತು. ಒಳಗಿನ ಚಿನ್ನದ ನೀರು ಒಂದಿಷ್ಟೂ ಉಳಿದಿರಲಿಲ್ಲ.

"ಏನ್ ತಾಯಿ, ಹುಣಸೆಹಣ್ಣು ಹಾಕಿದ್ರಾ?" ಎಂದು ಸಂಕಟದಿಂದ ಕೇಳಿದೆ.

"ದಿನಾ ಹಾಕಿ ಉಜ್ಜುತೀನಿ. ನನ್ನ ಲೋಟ ಕೊಳೆಯಾಗಿರ್ಬೇಕಾ?" ಎಂದು ನಕ್ಕರು.

ನೀರು ಕುಡಿದೆ. ಕುಡಿದ ಮೇಲೆ ಕೈ ತನ್ನ ಚಾಳಿಯಂತೆ ಲೋಟವನ್ನು ಮಗುಚಿತು, ತಳದಲ್ಲಿ ಉಳಿದಿದ್ದ ನೀರು ಪಂಚೆಯ ಮೇಲೆ ಸುರಿಯಿತು. ಮಕ್ಕಳೆಲ್ಲ ಗೊಳ್ಳೆಂದರು. ಬೆಳಕಿಗೆ ಹಿಡಿದು ನೋಡಿದೆ. ಸಿಂಹ ಪೂರಾ ಸವೆದುಹೋಗಿತ್ತು. ಹೆಸರು ಮಾತ್ರ ಹಾಗೇ ಇತ್ತು.